ಉಳಿಯಬಹುದಾಗಿದ್ದ ಫ್ರಿಗೇಟ್

ನಾರ್ವೆ ನೌಕಾಪಡೆಯ ಫ್ರಿತ್ಯೋಫ್ ನಾನ್ಸೆನ್ ವರ್ಗದ ಐದು ಫ್ರಿಗೇಟುಗಳಲ್ಲಿ (ಮಧ್ಯಮ ಗಾತ್ರದ ಯುದ್ಧನೌಕೆಗಳಲ್ಲಿ) ನಾಲ್ಕನೆಯದು ‘ಹೆಲ್ಗೆ ಇಂಗ್‌ಸ್ಟಾಡ್’. ಸ್ಪೇನಿನ ಫೆರೋಲ್‌ನಲ್ಲಿ ನವಾಂತಿಯಾ ಕಂಪನಿ ಕಟ್ಟಿದ ಈ ಹಡಗು 2009ರಲ್ಲಿ ಸೇವೆಗೆ ಸೇರಿತು. 134 ಮೀಟರ್ ಉದ್ದ, ಐದು ಸಾವಿರ ಟನ್ನಿಗೂ ಮಿಕ್ಕಿದ ಭಾರ. ಎರಡು ಡೀಸೆಲ್ ಎಂಜಿನ್‌ಗಳ ಜೊತೆಗೆ ಒಂದು ಎಲ್‌ಎಂ2500 ಗ್ಯಾಸ್ ಟರ್ಬೈನ್. ಇವುಗಳ ಶಕ್ತಿ ಗೇರ್ ರೂಮ್ ಹಾದು ಎರಡು ಪ್ರೊಪೆಲರ್ ಶಾಫ್ಟ್‌ಗಳಿಗೆ, ಅಂದರೆ ಪ್ರೊಪೆಲರ್‌ಗಳನ್ನು ತಿರುಗಿಸುವ ಉದ್ದನೆಯ ದಂಡಗಳಿಗೆ, ಹೋಗುತ್ತದೆ. 2014ರಲ್ಲಿ ಸಿರಿಯಾದ ರಾಸಾಯನಿಕ ಅಸ್ತ್ರಗಳನ್ನು ಹೊತ್ತ ಸರಕು ಹಡಗುಗಳಿಗೆ ಬೆಂಗಾವಲಾದದ್ದು ಇದರ ಸೇವೆಯ ದೊಡ್ಡ ಕೆಲಸ. ಆದರೆ ಹಡಗಿನ ಹೆಸರು ಉಳಿದಿರುವುದು 2018ರ ನವೆಂಬರ್ 8ರ ನಸುಕಿನಿಂದ.

ನೇಟೋದ ಟ್ರೈಡೆಂಟ್ ಜಂಕ್ಚರ್ ಕವಾಯತು ಮುಗಿದಿತ್ತು. ಬೆರ್ಗೆನ್ ಹತ್ತಿರದ ಯೆಲ್ಟೆಫ್ಯೋರ್ಡ್‌ನಲ್ಲಿ ಫ್ರಿಗೇಟ್ 17-18 ನಾಟ್ ವೇಗದಲ್ಲಿ ದಕ್ಷಿಣಕ್ಕೆ ಸಾಗುತ್ತಿತ್ತು. ತನ್ನ ಗುರುತು ಬಿತ್ತರಿಸುವ ಎಐಎಸ್ ಪ್ರಸಾರ ನಿಲ್ಲಿಸಿತ್ತು. ಸ್ಟೂರೆ ತೈಲ ಟರ್ಮಿನಲ್‌ನಿಂದ ಆಗಷ್ಟೇ ಹೊರಟಿದ್ದ ‘ಸೋಲಾ ಟಿಎಸ್’ ಟ್ಯಾಂಕರ್‌ನ ಡೆಕ್ ದೀಪಗಳೆಲ್ಲ ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಅದರ ಸಂಚಾರ ದೀಪಗಳು ಮರೆಯಾಗಿ, ಟ್ಯಾಂಕರ್ ದಡದಲ್ಲಿ ನಿಂತ ಯಾವುದೋ ಕಟ್ಟಡದಂತೆ ಕಂಡಿತು. ಫ್ರಿಗೇಟ್‌ನ ಬ್ರಿಜ್‌ನಲ್ಲಿ (ಹಡಗು ನಡೆಸುವ ಕೊಠಡಿಯಲ್ಲಿ) ಆಗತಾನೇ ಪಾಳಿ ಬದಲಾಗಿತ್ತು. ‘ಬಲಕ್ಕೆ ತಿರುಗಿ’ ಎಂದು ಟ್ಯಾಂಕರ್‌ನಿಂದ ರೇಡಿಯೋದಲ್ಲಿ ಕೂಗಿದವರನ್ನು ಎದುರಿನಿಂದ ಬರುತ್ತಿದ್ದ ಬೇರೆ ಹಡಗಿನವರೆಂದು ಅಲ್ಲಿದ್ದವರು ತಿಳಿದರು. ಬಲಕ್ಕೆ ತಿರುಗಿದರೆ ಆ ‘ನಿಂತ ವಸ್ತು’ವಿಗೇ ಡಿಕ್ಕಿಯಾದೀತೆಂದು ತಿರುಗಲಿಲ್ಲ. 4 ಗಂಟೆ 1 ನಿಮಿಷಕ್ಕೆ ಟ್ಯಾಂಕರ್‌ನ ಮೂತಿ ಫ್ರಿಗೇಟ್‌ನ ಬಲಪಕ್ಕೆಯನ್ನು ಸುಮಾರು 45 ಮೀಟರ್ ಉದ್ದಕ್ಕೆ ಸೀಳಿತು.

ಪತ್ರಿಕೆಗಳು ಬರೆದದ್ದು ಬಹುಪಾಲು ಈ ಡಿಕ್ಕಿಯ ಬಗ್ಗೆಯೇ. ಎಂಜಿನಿಯರನಿಗೆ ಮುಖ್ಯವಾದದ್ದು ಆಮೇಲಿನದು. ಸೀಳಿನಿಂದ ನೇರವಾಗಿ ನೀರು ನುಗ್ಗಿದ್ದು ಹಿಂಬದಿಯ ಜನರೇಟರ್ ರೂಮ್, ಕೆಳಡೆಕ್ಕಿನ ಮಲಗುವ ಕೋಣೆಗಳು, ಉಗ್ರಾಣ, ಈ ಮೂರಕ್ಕೆ. ಮೂರು ಕೋಣೆ ತುಂಬಿದರೆ ಹಡಗು ವಾಲುತ್ತದೆ, ಆದರೆ ತೇಲುತ್ತದೆ. ಇನ್ನೊಂದು ತುಂಬಿದರೆ ಆಸೆ ಬಿಡಬೇಕು. ಹಡಗಿನಲ್ಲಿದ್ದ ಸ್ಥಿರತೆಯ ದಾಖಲೆಗಳನ್ನು ನೋಡಿ ಸಿಬ್ಬಂದಿ ಕಟ್ಟಿದ ಲೆಕ್ಕ ಇದು. ಅಷ್ಟರಲ್ಲಿ ಗೇರ್ ರೂಮ್‌ನಲ್ಲೂ ನೀರು ಕಂಡಿತು, ಅದರ ಗೋಡೆ ಒಡೆದಿರದಿದ್ದರೂ.

ಪ್ರೊಪೆಲರ್ ಶಾಫ್ಟ್ ಟೊಳ್ಳಾಗಿರುತ್ತದೆ. ಇದರಿಂದ ತೂಕ ಉಳಿಯುತ್ತದೆ, ಪ್ರೊಪೆಲರ್ ರೆಕ್ಕೆಗಳ ಕೋನ ಬದಲಿಸುವ ತೈಲದ ಕೊಳವೆಗಳಿಗೂ ಒಳಗೆ ದಾರಿ ಸಿಗುತ್ತದೆ. ಶಾಫ್ಟ್ ಗೋಡೆಯನ್ನು ದಾಟುವಲ್ಲಿ ಹೊರಮೈಗೆ ಸೀಲ್ ಹಾಕಿರುತ್ತಾರೆ. ಇಲ್ಲಿ ನೀರು ಶಾಫ್ಟ್‌ನ ಹೊಟ್ಟೆಯೊಳಗಿಂದಲೇ ಜನರೇಟರ್ ರೂಮ್‌ನಿಂದ ಗೇರ್ ರೂಮ್‌ಗೆ ಹರಿಯಿತು. ಅಲ್ಲಿಂದ ಮುಂದಿನ ಎಂಜಿನ್ ರೂಮ್‌ಗಳಿಗೆ ಹೋಗುವ ಶಾಫ್ಟ್‌ಗಳ ಸುತ್ತಲಿನ ಸ್ಟಫಿಂಗ್ ಬಾಕ್ಸ್‌ಗಳೂ (ನೀರು ನುಸುಳದಂತೆ ಶಾಫ್ಟ್ ಸುತ್ತ ಬಿಗಿಯುವ ಸೀಲ್‌ಗಳೂ) ತಡೆಯಲಿಲ್ಲ. ನೀರು ಎಷ್ಟು ಟನ್ ಎಂಬುದಷ್ಟೇ ಇಲ್ಲಿ ಮುಖ್ಯವಲ್ಲ. ಅರೆತುಂಬಿದ ಅಗಲ ಕೋಣೆಯಲ್ಲಿ ಅದು ವಾಲಿದ ಕಡೆಗೇ ಓಡಿ ಹಡಗನ್ನು ಇನ್ನಷ್ಟು ವಾಲಿಸುತ್ತದೆ. ಅಗಲ ತಟ್ಟೆಯಲ್ಲಿ ಸಾರು ಹೊತ್ತು ನಡೆದವರಿಗೆ ಇದು ಗೊತ್ತಿರುತ್ತದೆ.

ಡಿಕ್ಕಿಯಾದ ಹತ್ತು ನಿಮಿಷದಲ್ಲಿ, ಚುಕ್ಕಾಣಿಯ ಮೇಲೆ ಹಿಡಿತ ತಪ್ಪಿದ್ದ ಹಡಗು ದಡದ ಬಂಡೆಗೆ ತಾಗಿ ನಿಂತಿತು. 137 ಜನರೂ ಬದುಕಿದರು; ಹಡಗು ಬಿಡುವ ನಿರ್ಧಾರವನ್ನು ದೂರುವುದು ಸುಲಭವಲ್ಲ. ಆದರೆ ಬಿಡುವಾಗ ಬಾಗಿಲು, ಹ್ಯಾಚ್‌ಗಳನ್ನು (ಡೆಕ್ಕಿನ ಮುಚ್ಚಳಗಳನ್ನು) ಪೂರ್ತಿ ಮುಚ್ಚಿರಲಿಲ್ಲ. ಅವನ್ನು ಮುಚ್ಚಿದ್ದರೆ ಹಡಗು ಮುಳುಗುತ್ತಿರಲಿಲ್ಲ ಎಂದು 2021ರಲ್ಲಿ ನಾರ್ವೆಯ ಸುರಕ್ಷತಾ ತನಿಖಾ ಸಂಸ್ಥೆ ಹೇಳಿತು. ನನ್ನ ಮಟ್ಟಿಗೆ ಇಡೀ ತನಿಖೆಯಲ್ಲಿ ಅತಿ ಕಟುವಾದ ಮಾತು ಇದೇ. ಬಾಗಿಲು ಮುಚ್ಚುವುದಕ್ಕೆ ವಿದ್ಯುತ್ತೂ ಬೇಡ, ಪಂಪೂ ಬೇಡ. ಸಂಜ್ಞೆ ಬಿದ್ದೊಡನೆ ಕೈ ತಾನಾಗಿ ಚಿಲಕಕ್ಕೆ ಹೋಗುವಷ್ಟು ಅಭ್ಯಾಸ ಬೇಕು.

ದಡಕ್ಕೆ ಬಿಗಿದಿದ್ದ ಉಕ್ಕಿನ ಹಗ್ಗಗಳು ತುಂಡಾಗಿ ನವೆಂಬರ್ 13ರಂದು ಹಡಗು ಬಹುಪಾಲು ಮುಳುಗಿತು. 2019ರ ಮಾರ್ಚ್ ಹೊತ್ತಿಗೆ ‘ರಾಂಬಿಜ್’, ‘ಗಲಿವರ್’ ಎಂಬ ತೇಲುವ ಕ್ರೇನ್‌ಗಳು ಅದನ್ನು ಮೇಲೆತ್ತಿದವು. ಉಪ್ಪುನೀರು ಕುಡಿದ ವೈರಿಂಗ್, ರಾಡಾರ್, ಎಂಜಿನ್‌ಗಳ ದುರಸ್ತಿಗೆ 1,200 ಕೋಟಿ ಕ್ರೋನರ್‌ಗೂ ಹೆಚ್ಚಿನ ಅಂದಾಜು ಬಂದದ್ದರಿಂದ ಗುಜರಿಗೆ ಹಾಕಿದರು.

ಶಾಫ್ಟ್‌ನ ದೋಷದ ಬಗ್ಗೆ ತನಿಖಾಧಿಕಾರಿಗಳು ಮೂರು ವಾರದಲ್ಲೇ, ವರದಿಗೆ ಕಾಯದೆ, ನೌಕಾಪಡೆಗೂ ನವಾಂತಿಯಾಗೂ ಎಚ್ಚರಿಕೆ ಕೊಟ್ಟಿದ್ದರು. ಅದೇ ವಿನ್ಯಾಸದ ಇನ್ನೂ ನಾಲ್ಕು ಫ್ರಿಗೇಟುಗಳು ಆಗ ಸೇವೆಯಲ್ಲಿದ್ದವು.