ಗಿರಾಕಿ ಬಾರದ ತಿಂಗಳುಗಳಲ್ಲಿ ನರ್ಸರಿ ಪಾಲಿಹೌಸ್

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಸಾಕು, ಕರಾವಳಿಯಲ್ಲಿ ಬಂಟ್ವಾಳದಿಂದ ಬೈಂದೂರಿನವರೆಗೆ ನರ್ಸರಿಗಳ ಎದುರು ಪಿಕಪ್‌ಗಳು ಸಾಲುಗಟ್ಟುತ್ತವೆ. ಅಡಿಕೆ, ಗೇರು, ಕಾಳುಮೆಣಸು, ಕಸಿ ಮಾವು, ಎಲ್ಲದರ ವ್ಯಾಪಾರವೂ ಆಟಿ (ಜುಲೈ-ಆಗಸ್ಟ್) ತಿಂಗಳೊಳಗೆ. ಚೌತಿಗೆ ಗಿರಾಕಿ ಇಳಿಯುತ್ತದೆ, ಮಾರ್ನೆಮಿಗೆ (ನವರಾತ್ರಿಗೆ) ನಿಲ್ಲುತ್ತದೆ. ಅಲ್ಲಿಂದ ಮೇ ತನಕ ಖರ್ಚು ಮಾತ್ರ. ಈ ಖಾಲಿ ತಿಂಗಳುಗಳಲ್ಲಿ ಪಾಲಿಹೌಸ್ (ಪ್ಲಾಸ್ಟಿಕ್ ಶೀಟ್ ಹೊದಿಸಿದ ಸಸಿಮನೆ) ತುಂಬ ದೊಣ್ಣೆಮೆಣಸು, ಜರ್ಬೆರಾ ಹೂ ಬೆಳೆದು ಕಾಸು ಮಾಡುವ ಯೋಚನೆ ಹಲವರಿಗೆ ಬರುತ್ತದೆ. ಕರಾವಳಿಯ ಸೆಕೆಯಲ್ಲಿ ಅದು ಕೈ ಸುಡುವ ದಾರಿ. ಅರ್ಧ ಪಾಲಿಹೌಸನ್ನು ಮುಚ್ಚಿ ಶುದ್ಧ ಮಾಡಿ, ಉಳಿದರ್ಧದಲ್ಲಿ ಮುಂದಿನ ಜೂನ್‌ನ ಗಿಡ ತಯಾರಿಸುವುದೇ ಲಾಭದ ಕೆಲಸ.

ಮೊದಲ ಕೆಲಸ, ಮಾರಾಟವಾಗದೆ ಉಳಿದ ಗಿಡಗಳನ್ನು ವಿಂಗಡಿಸುವುದು. ಮಳೆಗಾಲವಿಡೀ ನೆಲದ ಮೇಲೆ ಕೂತ ತೊಟ್ಟೆಯ (ಗಿಡದ ಪ್ಲಾಸ್ಟಿಕ್ ಚೀಲದ) ಬೇರು ತೂತಿನಿಂದ ಹೊರಬಂದು ಮಣ್ಣಿಗಿಳಿದಿರುತ್ತದೆ. ಹಾಗೇ ಎಳೆದರೆ ಬೇರು ಹರಿದು ಎರಡೇ ದಿನಕ್ಕೆ ಎಲೆ ಬಾಡುತ್ತದೆ. ತೊಟ್ಟೆಯನ್ನು ತುಸು ವಾಲಿಸಿ, ಹೊರಬಂದ ಬೇರನ್ನು ಕತ್ತರಿಯಿಂದ ನೇರ ಕತ್ತರಿಸಿ, ಎರಡು ವಾರ ನೆರಳಲ್ಲಿಡಿ. ಪ್ರತಿ ತಂಡದಿಂದ ಒಂದೊಂದು ತೊಟ್ಟೆ ಸೀಳಿ ನೋಡುವುದು ಕಡ್ಡಾಯ. ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಗಿಡ ತೋಟದಲ್ಲಿ ಎರಡು ವರ್ಷ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಗಾಳಿಗೆ ವಾಲುತ್ತದೆ. ಬೈಗುಳ ಬರುವುದು ನರ್ಸರಿಯವರಿಗೆ. ಸುರುಳಿ ಈಗಷ್ಟೇ ಶುರುವಾಗಿದ್ದರೆ ತಳದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ದೊಡ್ಡ ತೊಟ್ಟೆಗೆ ಹಾಕಬಹುದು. ಗಟ್ಟಿಯಾಗಿ ಸುತ್ತಿದ್ದನ್ನು ಅರ್ಧ ಬೆಲೆಗೂ ಮಾರಬೇಡಿ.

ಅಡಿಕೆಗೆ ಈ ಭಯ ಕಡಿಮೆ. ನೆಡಲು 12ರಿಂದ 18 ತಿಂಗಳ ಸಸಿಯೇ ಸರಿ, ಹಾಗಾಗಿ ಈ ವರ್ಷ ಉಳಿದ ಎಳೆ ಸಸಿ ಮುಂದಿನ ಮಳೆಗೆ ಹೋಗುತ್ತದೆ. ಉಳಿದ ಕಾಳುಮೆಣಸಿನ ಬಳ್ಳಿಯನ್ನೂ ಎಸೆಯಬೇಕಿಲ್ಲ. ಬಿದಿರಿಗೆ ಹಬ್ಬಿಸಿದರೆ ಹೊಸ ಗಿಡ ಮಾಡುವ ತುಂಡಿಗೆ ಗೆಣ್ಣುಗಳು ಸಿಗುತ್ತವೆ. ಆದರೆ ಎಲೆಯಲ್ಲಿ ಕಪ್ಪು ಮಚ್ಚೆ ಕಂಡ ಬಳ್ಳಿ ಸೊರಗು ರೋಗದ ಮೂಲ. ಅದನ್ನು ತೊಟ್ಟೆಯ ಮಣ್ಣು ಸಮೇತ ನರ್ಸರಿಯಿಂದ ಹೊರಗೊಯ್ದು ಸುಡಿ.

ಗೇರು ಕಸಿಗೆ ಈ ತಿಂಗಳುಗಳಲ್ಲಿ ಕಣ್ಣಿಟ್ಟು ನೋಡುವವರು ಬೇಕು. ಮಳೆಯಲ್ಲಿ ಕಟ್ಟಿದ ಕಸಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕಾಂಡ ದಪ್ಪವಾದಂತೆ ತೊಗಟೆಯೊಳಗೆ ಹುಗಿಯುತ್ತದೆ. ಜೋಡಣೆ ಗಟ್ಟಿಯಾದ ಕೂಡಲೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಜೋಡಣೆಯ ಕೆಳಗೆ ಬರುವ ಚಿಗುರು ಕಾಟು ಗಿಡದ್ದು (ಕಸಿ ಕಟ್ಟಿದ ಬುಡದ ಗಿಡದ್ದು), ವಾರಕ್ಕೊಮ್ಮೆ ಚಿವುಟದಿದ್ದರೆ ಮೇಲಿನ ಕಸಿಯನ್ನೇ ಹಿಂದೆ ಹಾಕುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ತೊಟ್ಟೆಯಲ್ಲಿರುವ ಗೇಣುದ್ದದ ಗಿಡವೂ ಹೂಗೊಂಚಲು ಬಿಡುತ್ತದೆ. ಅದನ್ನು ಕಂಡು ಖುಷಿಪಡುವ ಗಿರಾಕಿಗಳಿದ್ದಾರೆ, ಆದರೂ ಚಿವುಟಲೇಬೇಕು, ಇಲ್ಲದಿದ್ದರೆ ಗಿಡ ಬೆಳೆಯದೆ ಕುಳ್ಳಾಗಿ ನಿಲ್ಲುತ್ತದೆ. ಎಳೆ ಚಿಗುರಿನಲ್ಲಿ ಕಂದು ಗಾಯ ಕಂಡರೆ ಅದು ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆಯ ಕೆಲಸ.

ಇನ್ನು ಪಾಲಿಹೌಸ್. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ ಅಕ್ಟೋಬರ್ ಹೊತ್ತಿಗೆ ಶೀಟಿನ ಮೇಲೆ ಪಾಚಿ ಹಸಿರುಗಟ್ಟಿರುತ್ತದೆ, ಒಳಗೆ ಬೆಳಕು ಸಾಲದೆ ಗಿಡ ಸಪೂರ ಎದ್ದು ಸೊರಗುತ್ತದೆ. ಮೆತ್ತಗಿನ ಸ್ಪಂಜು, ತೆಳು ಸಾಬೂನು ನೀರು, ಮತ್ತೆ ಸ್ವಚ್ಛ ನೀರು, ಇಷ್ಟೇ ಸಾಕು. ಗಡುಸು ಬ್ರಷ್ ಬೇಡ. ಬ್ಲೀಚಿಂಗ್ ಪೌಡರ್ ನೆಲಕ್ಕೆ ಮತ್ತು ಬೆಂಚಿಗೆ ಮಾತ್ರ. ಕ್ಲೋರಿನ್ ಮತ್ತು ಗಂಧಕ ಎರಡೂ ಶೀಟಿನ ಯುವಿ ರಕ್ಷಣೆಯನ್ನು ತಿನ್ನುತ್ತವೆ. 200 ಮೈಕ್ರಾನ್ ಶೀಟ್ ಮೂರು ನಾಲ್ಕು ವರ್ಷ ಬಾಳಬೇಕು. ಅದಕ್ಕೂ ಮೊದಲು ಹರಿದರೆ ಹೆಚ್ಚಾಗಿ ಹರಿಯುವುದು ಕಬ್ಬಿಣದ ಪೈಪ್ ತಾಗುವ ಗೆರೆಯಲ್ಲೇ, ಏಕೆಂದರೆ ಬಿಸಿಲಿಗೆ ಕಾದ ಪೈಪ್ ಅಲ್ಲಿ ಶೀಟನ್ನು ಬೇಯಿಸುತ್ತದೆ. ಶೀಟ್ ಬದಲಿಸುವಾಗ ಪೈಪಿಗೆ ಬಿಳಿ ಬಣ್ಣ ಬಳಿಯುವುದು ಅಥವಾ ಫೋಮ್ ಟೇಪ್ ಸುತ್ತುವುದು ತೀರಾ ಅಗ್ಗದ ಉಪಾಯ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಶೀಟನ್ನು ಹಿಡಿದಿಡುವ ಜಿಗ್‌ಜಾಗ್ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಲೇಪನದ್ದನ್ನೇ ಕೇಳಿ ತನ್ನಿ.

ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆದು ತಂಪು ಮಾಡುವ ಫ್ಯಾನ್ ಮತ್ತು ಪ್ಯಾಡ್ ಮಾರುವವರ ಮಾತಿಗೆ ಮರುಳಾಗುವ ಮೊದಲು ಈ ಲೆಕ್ಕ ನೋಡಿ. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ, ತೇವಾಂಶ ಶೇ. 65 ಎಂದಿಟ್ಟುಕೊಳ್ಳಿ. ಆ ಗಾಳಿಯನ್ನು ನೀರು ಆವಿಯಾಗಿಸಿ ಎಷ್ಟು ತಂಪು ಮಾಡಿದರೂ ಸುಮಾರು 28.5 ಡಿಗ್ರಿಗಿಂತ ಕೆಳಗಿಳಿಯದು. ಪ್ಯಾಡ್ ಆ ಅಂತರದ ಶೇ. 80ರಷ್ಟನ್ನು ಸಾಧಿಸಿದರೂ ಒಳಬರುವ ಗಾಳಿ ಸುಮಾರು 29.5 ಡಿಗ್ರಿ, ಫ್ಯಾನ್ ತಲುಪುವಷ್ಟರಲ್ಲಿ ಮತ್ತೆ ಕಾಯುತ್ತದೆ. ನಾಲ್ಕೂವರೆ ಡಿಗ್ರಿಗಾಗಿ ದಿನವಿಡೀ ಕರೆಂಟು, ನೀರು, ಜೊತೆಗೆ ಬೂಷ್ಟಿಗೆ ಬೇಕಾದ ತೇವ. ಬಯಲುಸೀಮೆಯ ಒಣ ಗಾಳಿಗೆ ಹೊಂದುವ ಯಂತ್ರ ಅದು. ನಮಗೆ ಎತ್ತರದ ಮಾಡು (ಛಾವಣಿ), ಮೇಲೆ ತೆರೆದ ಕಿಂಡಿ, ಎರಡೂ ಬದಿ ಸುತ್ತಿ ಎತ್ತುವ ಪರದೆ, ಶೀಟಿನ ಹೊರಗೆ ಒಂದಡಿ ಅಂತರ ಬಿಟ್ಟು ಶೇ. 50ರ ನೆರಳುಬಲೆ ಸಾಕು. ಬಲೆಯನ್ನು ಒಳಗೆ ಕಟ್ಟಿದರೆ ಬಿಸಿಲು ಆಗಲೇ ಒಳಬಂದಾಯಿತು, ತಂಪು ಕಮ್ಮಿ.

ನೀರಿನ ಕಷ್ಟ ಮಾರ್ಚ್ ಕಳೆದ ಮೇಲೆ ಬರುತ್ತದೆ. ನೇತ್ರಾವತಿ, ಸ್ವರ್ಣಾ ಹೊಳೆಗಳ ಅಳಿವೆಯ ಆಸುಪಾಸಿನ ಬಾವಿಗಳಲ್ಲಿ ಆಗ ಉಪ್ಪು ಏರುತ್ತದೆ. ಬಾಯಿಗೆ ರುಚಿ ಗೊತ್ತಾಗುವ ಮೊದಲೇ ಸಸಿಯ ಎಲೆಯ ತುದಿ ಸುಡುತ್ತದೆ. ನೀರಿನ ಉಪ್ಪಿನಂಶ ತೋರಿಸುವ ಒಂದು ಇಸಿ ಮೀಟರ್ ಇಟ್ಟುಕೊಂಡು ವಾರಕ್ಕೊಮ್ಮೆ ಅಳೆಯಿರಿ. 1 mS/cm ಮೇಲೆ ಹೋದರೆ ಎಳೆ ಸಸಿಗೆ ಬೇರೆ ನೀರು ಬೇಕು. ಅದಕ್ಕಾಗಿಯೇ ಮಾಡಿನ ನೀರನ್ನು ಹಿಡಿಯಬೇಕು. ಐದು ಗುಂಟೆ ಮಾಡಿನ ಮೇಲೆ 100 ಮಿ.ಮೀ. ಬಿದ್ದರೆ 50,000 ಲೀಟರ್. ಅಕ್ಟೋಬರ್‌ನ ಗುಡುಗು ಮಳೆಯಲ್ಲೇ ಅಷ್ಟು ಸಿಗಬಹುದು, ಟಾರ್ಪಾಲು ಹಾಸಿದ ಹೊಂಡ ತಯಾರಿರಬೇಕಷ್ಟೆ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತುಸು ನಗದು ಬೇಕಿದ್ದರೆ ತರಕಾರಿ ಸಸಿ ಮಾಡಿ. ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಗದ್ದೆಗೆ ಬದನೆ, ಮೆಣಸು ಇಳಿಸುವವರು ಸಸಿ ಹುಡುಕುತ್ತಾರೆ. ಬದನೆ ಗಿಡ ಸೊರಗಿ ಸಾಯುವ ಗದ್ದೆಯವರಿಗೆ ಸುಂಡೆ (ಕಾಡುಬದನೆ) ಗಿಡದ ಮೇಲೆ ಕಟ್ಟಿದ ಗುಳ್ಳದ (ದುಂಡು ಬದನೆಯ) ಕಸಿ ಒಳ್ಳೆಯ ಬೆಲೆಗೆ ಹೋಗುತ್ತದೆ. ಸುಂಡೆ ಬೀಜ ಮೊಳೆಯುವುದು ನಿಧಾನ, ಬದನೆಗಿಂತ ಮೂರು ವಾರ ಮೊದಲೇ ಬಿತ್ತಬೇಕು. ಒಂದು ಎಚ್ಚರ: ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಬೇರೆ ಊರಿನ ಗುಳ್ಳದ ಸಸಿಗೆ ಆ ಹೆಸರಿನ ಚೀಟಿ ಅಂಟಿಸಬೇಡಿ.

ಜನವರಿ ಬಂತೆಂದರೆ ಮಣ್ಣಿನ ಕೆಲಸ. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಕಳಿತ ಹಟ್ಟಿಗೊಬ್ಬರ ಬೆರೆಸಿ, ನೀರುಣಿಸಿ, ಗೇಣು ದಪ್ಪಕ್ಕೆ ಹರಡಿ, ಮೇಲೆ ಪಾರದರ್ಶಕ ಶೀಟ್ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ. ಕಪ್ಪು ಶೀಟ್ ಹಾಕಿದರೆ ಶೀಟ್ ಕಾಯುತ್ತದೆ, ಮಣ್ಣು ಅಷ್ಟು ಕಾಯದು. ಮಣ್ಣು ಒಣಗಿದ್ದರೂ ಬಿಸಿ ಒಳಗಿಳಿಯದು. 30ರಿಂದ 40 ದಿನದ ಬಿಸಿಲು ತಿಂದ ಈ ಮಣ್ಣಿಗೆ ತಣಿದ ಮೇಲೆ ರೋಗ ತಡೆಯುವ ಶಿಲೀಂಧ್ರ ಟ್ರೈಕೊಡರ್ಮಾ ಸೇರಿಸಿ. ಬಿಸಿಲಿಗೆ ಮೊದಲೇ ಹಾಕಿದರೆ ಅದೂ ಸಾಯುತ್ತದೆ.

ಮಣ್ಣು ಸಿದ್ಧವಾಗುವ ಹೊತ್ತಿಗೆ ಕಾಳುಮೆಣಸಿನ ಹಂಬು ಬೇಕು. ಒಳ್ಳೆ ಫಸಲು ಕೊಡುವ ಬಳ್ಳಿಯ ಬುಡದಿಂದ ನೆಲಕ್ಕೆ ಹರಿಯುವ ಹಂಬನ್ನು ಮೊದಲೇ ಗೂಟಕ್ಕೆ ಸುತ್ತಿಟ್ಟಿದ್ದರೆ ಮಣ್ಣಿನಲ್ಲಿ ಬೇರು ಬಿಟ್ಟಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕತ್ತರಿಸಿ, ತೀರಾ ಎಳೆಯ ತುದಿ ಮತ್ತು ಬಲಿತ ಬುಡ ಬಿಟ್ಟು, ಎರಡು ಮೂರು ಗೆಣ್ಣಿನ ತುಂಡು ಮಾಡಿ. ಎಲೆ ತೆಗೆಯಿರಿ, ತೊಟ್ಟು ಉಳಿಯಲಿ. ಒಂದು ಗೆಣ್ಣಾದರೂ ಮಣ್ಣೊಳಗಿರಬೇಕು. ಶೇ. 75ರ ನೆರಳು, ದಿನಕ್ಕೆ ಮೂರರಿಂದ ಐದು ಸಲ ನೀರಿನ ಸಿಂಪಡಣೆ. ಆದರೆ ತೊಟ್ಟೆಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಎಲೆ ಬಂದ ಮೇಲೆ ಶೇ. 1ರ ಬೋರ್ಡೋ ಶಿಲೀಂಧ್ರನಾಶಕ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ಬೇರೆ ಬೇರೆ ಕರಗಿಸಿ ಬೆರೆಸಿದ್ದು.

ಕೂಲಿಯ ಲೆಕ್ಕ ಸರಳ. ಜೂನ್‌ನಿಂದ ಆಗಸ್ಟ್‌ನ ಹಣದಲ್ಲಿ ಎಂಟು ತಿಂಗಳ ಸಂಬಳ, ತೊಟ್ಟೆ, ಗೊಬ್ಬರ, ಸಾಲದ ಕಂತು ಇಷ್ಟನ್ನು ಬೇರೆ ಖಾತೆಗೆ ಹಾಕಿದ ಮೇಲೆ ಉಳಿದದ್ದೇ ಲಾಭ. ಕಸಿ ಕಟ್ಟುವವರಿಗೆ ಗಿಡಕ್ಕೆ ಇಂತಿಷ್ಟು ಎಂದು, ಚಿಗುರಿದ ಕಸಿ ಎಣಿಸಿ ಕೊಡುವ ಪದ್ಧತಿ ಎರಡೂ ಕಡೆಗೆ ನ್ಯಾಯ. ತೋಟದವರಿಂದ ಫೆಬ್ರವರಿಯಲ್ಲೇ ಮುಂಗಡ ಹಿಡಿದು ಬುಕ್ಕಿಂಗ್ ಬರೆದುಕೊಳ್ಳಿ. ಯಾವ ತಳಿ ಎಷ್ಟು ಬೇಕೆಂದು ಆಗಲೇ ಗೊತ್ತಾದರೆ ಅಕ್ಟೋಬರ್‌ನಲ್ಲಿ ಬೇರು ಕತ್ತರಿಸುವ ಗಿಡಗಳ ರಾಶಿ ಅಷ್ಟು ಕಡಿಮೆ.

ಏಪ್ರಿಲ್ ಕೊನೆಗೆ ಸಂಜೆಯ ಗುಡುಗು ಗಾಳಿ ಶುರು. ಸ್ಪ್ರಿಂಗ್ ಸಡಿಲವಿದ್ದರೆ ಒಂದೇ ಗಾಳಿಗೆ ಶೀಟ್ ಮೇಲೇಳುತ್ತದೆ, ಮೋಡ ಕಟ್ಟಿದ ಕೂಡಲೇ ಬದಿ ಪರದೆ ಇಳಿಸಿ ಕಟ್ಟಿ. ಮೇ ಮೊದಲ ವಾರದಿಂದ ನೆರಳನ್ನು ಹಂತ ಹಂತವಾಗಿ ತೆಗೆಯುತ್ತ, ಮೊದಲು ಬೆಳಗಿನ ಬಿಸಿಲು ಮಾತ್ರ ತೋರಿಸಿ. ನೀರು ಕಡಿಮೆ ಮಾಡಿ, ಯೂರಿಯಾ ನಿಲ್ಲಿಸಿ. ಎಲೆ ದಪ್ಪವಾಗಿ, ಕಡು ಹಸಿರಾಗಿ, ಕಾಂಡ ಕಂದಿಗೆ ತಿರುಗಿದ ಗಿಡ ಪಿಕಪ್‌ನ ಗಾಳಿಯನ್ನೂ ತಡೆಯುತ್ತದೆ, ಗುಡ್ಡದ ಗುಂಡಿಯನ್ನೂ.