ವಿಎಸ್ ಕೋಡ್ ಶಾರ್ಟ್‌ಕಟ್ ಟಿಪ್ಪಣಿ: ಒತ್ತಿದ ಕೀ ಯಾರ ಪಾಲಾಗುತ್ತದೆ?

ಕೋಡಿನೊಳಗೆ ಓಡಾಡಲು ಬೇಕಾದ ಶಾರ್ಟ್‌ಕಟ್‌ಗಳು ವಿಎಸ್ ಕೋಡ್ ಎಂಬ ಕೋಡ್ ಬರೆಯುವ ಎಡಿಟರಿನಲ್ಲಿ ಮೊದಲೇ ಇವೆ. ಎಫ್12 ಡೆಫಿನಿಷನ್‌ಗೆ (ಹೆಸರನ್ನು ಘೋಷಿಸಿದ ಜಾಗಕ್ಕೆ) ಒಯ್ಯುತ್ತದೆ, ಕಂಟ್ರೋಲ್+ಎಫ್12 ಇಂಪ್ಲಿಮೆಂಟೇಶನ್‌ಗೆ (ನಿಜವಾದ ಕೋಡ್ ಇರುವಲ್ಲಿಗೆ), ಶಿಫ್ಟ್+ಎಫ್12 ಆ ಹೆಸರನ್ನು ಬಳಸಿದ ಜಾಗಗಳಿಗೆ, ಅಂದರೆ ರೆಫರೆನ್ಸ್‌ಗಳಿಗೆ. ಫೈಲ್ ಹುಡುಕಲು ಕಂಟ್ರೋಲ್+ಪಿ, ಇದೇ ಫೈಲಿನ ಸಿಂಬಲ್‌ಗೆ (ಫಂಕ್ಷನ್, ಕ್ಲಾಸ್‌ನಂಥ ಹೆಸರಿಗೆ) ಕಂಟ್ರೋಲ್+ಶಿಫ್ಟ್+ಓ, ಇಡೀ ಪ್ರಾಜೆಕ್ಟಿನ ಸಿಂಬಲ್‌ಗೆ ಕಂಟ್ರೋಲ್+ಟಿ, ಸಾಲಿನ ನಂಬರಿಗೆ ಕಂಟ್ರೋಲ್+ಜಿ. ಇಷ್ಟು ನಾಲ್ಕು ದಿನ ಬಳಸಿದರೆ ಬೆರಳಿಗೆ ತಾನೇ ಹತ್ತುತ್ತದೆ. ತಲೆನೋವು ಶುರುವಾಗುವುದು ಇವನ್ನು ಬದಲಾಯಿಸಲು ಹೊರಟಾಗ. ಹೊಸ ಕೀ ಕೊಟ್ಟಾಗಿದೆ, ಸೇವ್ ಆಗಿದೆ, ಒತ್ತಿದರೆ ಏನೂ ಆಗುವುದಿಲ್ಲ; ಇಲ್ಲವೇ ಇನ್ನೇನೋ ಆಗುತ್ತದೆ. ಈ ಟಿಪ್ಪಣಿಯ ಮುಕ್ಕಾಲು ಪಾಲು ಅದರ ಬಗ್ಗೆಯೇ. ಕೀಗಳನ್ನು ವಿಂಡೋಸ್ ಲೆಕ್ಕದಲ್ಲಿ ಬರೆದಿದೆ. ಬೇರೆ ಕಡೆ ಗಮನಿಸಬೇಕಾದ ವ್ಯತ್ಯಾಸ ಇದ್ದಲ್ಲಿ ಅಲ್ಲಲ್ಲೇ ಹೇಳಿದೆ.

ಎಲ್ಲಿ ಬದಲಾಯಿಸುವುದು

ಕಂಟ್ರೋಲ್+ಕೆ ಒತ್ತಿ, ಆಮೇಲೆ ಕಂಟ್ರೋಲ್+ಎಸ್ ಒತ್ತಿದರೆ ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. ಕಮಾಂಡಿನ ಹೆಸರು ಟೈಪ್ ಮಾಡಿ ಹುಡುಕಬಹುದು. ಅದಕ್ಕಿಂತ ಉಪಯೋಗದ್ದು ಹುಡುಕಾಟದ ಪೆಟ್ಟಿಗೆಯ ಬಲಕ್ಕಿರುವ ಕೀಬೋರ್ಡ್ ಐಕಾನ್: ಅದನ್ನು ಒತ್ತಿ, ನಿಮಗೆ ಬೇಕಾದ ಕೀಯನ್ನೇ ಒತ್ತಿದರೆ ಆ ಕೀಗೆ ಈಗ ಯಾರ್ಯಾರು ಹಕ್ಕು ಕೇಳುತ್ತಿದ್ದಾರೆ ಎಂದು ತೋರಿಸುತ್ತದೆ. ಹೊಸ ಕೀ ಕೊಡುವ ಮುಂಚೆ ಇದನ್ನು ನೋಡಿದರೆ ಅರ್ಧ ಗೋಜಲು ಅಲ್ಲಿಗೇ ಮುಗಿಯುತ್ತದೆ.

ನೀವು ಮಾಡಿದ ಬದಲಾವಣೆಗಳೆಲ್ಲ ಕೀಬೈಂಡಿಂಗ್ಸ್ ಎಂಬ ಜೇಸನ್ ಫೈಲಿನಲ್ಲಿ ಕೂರುತ್ತವೆ. ಪಟ್ಟಿಯ ಮೇಲ್ಗಡೆ ಬಲಮೂಲೆಯ ಫೈಲ್ ಐಕಾನಿನಿಂದ ಅದನ್ನು ತೆರೆಯಬಹುದು. ಇದೇ ಹೆಸರಿಗೆ ಹತ್ತಿರದ ಡೀಫಾಲ್ಟ್ ಫೈಲ್ ಒಂದಿದೆ. ಅದು ಓದಲು ಮಾತ್ರ. ಪ್ರತಿ ನಿಯಮದಲ್ಲಿ ಮೂರು ಅಂಶ: ಕೀ, ಕಮಾಂಡ್, ವೆನ್ (ನಿಯಮ ಯಾವಾಗ ಅನ್ವಯಿಸಬೇಕು ಎಂಬ ಷರತ್ತು; ಇದನ್ನು ಬಿಡಲೂಬಹುದು). ಕಮಾಂಡಿನ ಜಾಗದಲ್ಲಿ ಮೆನುವಿನ ಹೆಸರಲ್ಲ, ಅದರ ಐಡಿ ಬೇಕು. ಪಟ್ಟಿಯಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಕಮಾಂಡ್ ಐಡಿ ಆರಿಸಿ. ಕೈಯಲ್ಲಿ ಟೈಪ್ ಮಾಡಿದರೆ ಒಂದಕ್ಷರ ತಪ್ಪಿ, ಒತ್ತಿದಾಗ ಕಮಾಂಡ್ ಸಿಗಲಿಲ್ಲ ಎನ್ನಿಸಿಕೊಳ್ಳುತ್ತೀರಿ.

ಪಟ್ಟಿಯಿಂದ ಇರುವ ಶಾರ್ಟ್‌ಕಟ್ ಬದಲಿಸಿದರೆ ಫೈಲಿನಲ್ಲಿ ಒಂದಲ್ಲ, ಎರಡು ನಿಯಮ ಸೇರುತ್ತವೆ. ಮೊದಲನೆಯದು ಹೊಸ ಕೀ. ಎರಡನೆಯದರಲ್ಲಿ ಕಮಾಂಡಿನ ಹೆಸರಿನ ಆರಂಭದಲ್ಲಿ ಒಂದು ಅಡ್ಡಗೆರೆ (-) ಇರುತ್ತದೆ. ಹಳೆಯ ಕೀ ತೆಗೆದುಹಾಕು ಎಂದು ಅದರರ್ಥ. ಕಸ ಅಂದುಕೊಂಡು ಅದನ್ನು ಅಳಿಸಿದರೆ ಹಳೆಯ ಕೀಗೂ ಮತ್ತೆ ಜೀವ ಬರುತ್ತದೆ.

ಕೆಳಗಿನಿಂದ ಮೇಲಕ್ಕೆ ಓದು

ಇಡೀ ವಿಷಯದ ಕೀಲಿ ಇಲ್ಲಿದೆ. ಎಲ್ಲ ನಿಯಮಗಳನ್ನೂ ಒಂದೇ ಉದ್ದ ಪಟ್ಟಿ ಎಂದು ಕಲ್ಪಿಸಿಕೊಳ್ಳಿ. ಮೇಲ್ತುದಿಯಲ್ಲಿ ಎಡಿಟರಿನ ಸ್ವಂತ ನಿಯಮಗಳು, ಅದರ ಕೆಳಗೆ ಎಕ್ಸ್‌ಟೆನ್ಶನ್‌ಗಳು (ಎಡಿಟರಿಗೆ ಆಮೇಲೆ ಸೇರಿಸಿಕೊಂಡ ತಂತ್ರಾಂಶಗಳು) ತಂದವು, ಎಲ್ಲಕ್ಕಿಂತ ಕೆಳಗೆ ನಿಮ್ಮವು. ಕೀ ಒತ್ತಿದಾಗ ವಿಎಸ್ ಕೋಡ್ ಈ ಪಟ್ಟಿಯನ್ನು ತಳದಿಂದ ಮೇಲಕ್ಕೆ ನೋಡುತ್ತದೆ. ಪ್ರತಿ ನಿಯಮಕ್ಕೂ ಎರಡೇ ಪ್ರಶ್ನೆ: ಕೀ ಇದೇನಾ? ವೆನ್ ಈಗ ನಿಜವಾ? ಎರಡಕ್ಕೂ ಹೌದು ಎಂದ ಮೊದಲ ನಿಯಮ ಗೆದ್ದಿತು. ಹುಡುಕಾಟ ಅಲ್ಲಿಗೆ ನಿಂತಿತು. ಆ ಕಮಾಂಡಿನಿಂದ ಏನಾದರೂ ಪ್ರಯೋಜನ ಆಯಿತೇ ಎಂದು ಅದು ನೋಡುವುದಿಲ್ಲ. ಆಗದಿದ್ದರೆ ಮೇಲಿನ ನಿಯಮಕ್ಕೆ ಹೋಗುತ್ತದೆ ಎಂದುಕೊಳ್ಳುವುದೇ ಎಲ್ಲರೂ ಮುಗ್ಗರಿಸುವ ಜಾಗ.

ಒಂದು ಉದಾಹರಣೆ. ಜಾವಾದಲ್ಲಿ ಇಂಟರ್‌ಫೇಸ್ ಮೂಲಕ ಕರೆದ ಮೆಥಡ್ ಮೇಲೆ ಎಫ್12 ಒತ್ತಿದರೆ ಖಾಲಿ ಇಂಟರ್‌ಫೇಸಿಗೆ ಹೋಗಿ ನಿಲ್ಲುತ್ತೇವೆ. ಬೇಕಾಗಿದ್ದು ನಿಜವಾದ ಕೋಡ್. ಹಾಗಾಗಿ ಎಫ್12ಕ್ಕೆ ಇಂಪ್ಲಿಮೆಂಟೇಶನ್ ಕಟ್ಟೋಣ:

ಕೀ: ಎಫ್12
ಕಮಾಂಡ್: ಗೋ ಟು ಇಂಪ್ಲಿಮೆಂಟೇಶನ್ (ಫೈಲಿನಲ್ಲಿ ಇದರ ಐಡಿ)
ವೆನ್: ಎಡಿಟರ್‌ಟೆಕ್ಸ್ಟ್‌ಫೋಕಸ್ && ಎಡಿಟರ್‌ಲ್ಯಾಂಗ್‌ಐಡಿ == ಜಾವಾ

ಇಲ್ಲಿ ವೆನ್ ಹೇಳುವುದು: ಕರ್ಸರ್ ಎಡಿಟರಿನ ಪಠ್ಯದೊಳಗಿದೆ, ಫೈಲ್ ಜಾವಾದ್ದು. ಜಾವಾ ಫೈಲಿನಲ್ಲಿ ಎರಡೂ ಪ್ರಶ್ನೆಗೆ ಹೌದು, ಇಂಪ್ಲಿಮೆಂಟೇಶನ್ ತೆರೆಯುತ್ತದೆ. ಪೈಥಾನ್ ಫೈಲಿನಲ್ಲಿ ಕೀ ಸರಿ, ವೆನ್ ಸುಳ್ಳು. ನಿಯಮ ದಾಟಿ ಮೇಲೆ ಹೋಗಿ ಡೀಫಾಲ್ಟ್ ಎಫ್12 ಸಿಗುತ್ತದೆ, ಡೆಫಿನಿಷನ್‌ಗೆ ಹೋಗುತ್ತೇವೆ. ಈಗ ವೆನ್ ಸಾಲನ್ನು ಬಿಟ್ಟು ನೋಡಿ. ಪೈಥಾನ್ ಫೈಲಿನಲ್ಲೂ ನಿಮ್ಮ ನಿಯಮವೇ ಗೆಲ್ಲುತ್ತದೆ. ಇಂಪ್ಲಿಮೆಂಟೇಶನ್ ಸಿಗದಿದ್ದರೂ ಸರಿ, ಡೀಫಾಲ್ಟ್ ನಿಯಮದವರೆಗೆ ಸರದಿ ಬರುವುದೇ ಇಲ್ಲ. "ಎಫ್12 ಕೆಟ್ಟುಹೋಯಿತು" ಎನ್ನುವ ದೂರುಗಳಲ್ಲಿ ಹಲವಕ್ಕೆ ಕಾರಣ ಬಿಟ್ಟುಹೋದ ಈ ಒಂದು ಸಾಲು.

ನಿಮ್ಮದೇ ಫೈಲಿನೊಳಗೂ ಇದೇ ಲೆಕ್ಕ. ವೆನ್ ಇಲ್ಲದ ಎಫ್12 ನಿಯಮ ಒಂದು, ಜಾವಾಕ್ಕೆ ಮಾತ್ರದ್ದು ಇನ್ನೊಂದು ಇದ್ದರೆ, ಜಾವಾದ್ದು ಕೆಳಗಿರಬೇಕು. ಮೇಲಿದ್ದರೆ ಅದು ಇದ್ದೂ ಇಲ್ಲದಂತೆ. ಕಿರಿದಾದ ನಿಯಮ ಕೆಳಕ್ಕೆ, ಅಗಲವಾದದ್ದು ಮೇಲಕ್ಕೆ.

ಹಾಗಾದರೆ ಅಡ್ಡಗೆರೆಯ ನಿಯಮ ಯಾವಾಗ ಬೇಕು? ಬಹಳ ಸಲ ಬೇಡ; ನಿಮ್ಮ ನಿಯಮ ಕೆಳಗಿದೆ, ಹೇಗೂ ಗೆಲ್ಲುತ್ತದೆ. ಹಳೆಯ ಕೀ ಪೂರ್ತಿ ಸುಮ್ಮನಾಗಬೇಕು ಎಂದಾಗ ಮಾತ್ರ ಬರೆಯಿರಿ. ಅದರಲ್ಲಿ ವೆನ್ ಬರೆದರೆ ಮೂಲ ನಿಯಮದ ವೆನ್‌ಗೆ ಸರಿಸಮ ಇರಬೇಕು, ಇಲ್ಲವಾದರೆ ಏನೂ ಅಳಿಯುವುದಿಲ್ಲ, ತಪ್ಪಾಗಿದೆ ಎಂದು ಯಾರೂ ಹೇಳುವುದೂ ಇಲ್ಲ. ವೆನ್ ಬರೆಯದಿದ್ದರೆ ಆ ಕಮಾಂಡಿಗೆ ಆ ಕೀ ಎಲ್ಲ ಕಡೆಯಿಂದಲೂ ಕಳಚುತ್ತದೆ. ಸಾಮಾನ್ಯವಾಗಿ ಬೇಕಾಗಿದ್ದು ಅದೇ.

ಜೋಡಿ ಕೀಗಳು

ಒಂದಾದ ಮೇಲೆ ಒಂದು ಒತ್ತುವ ಶಾರ್ಟ್‌ಕಟ್‌ಗಳನ್ನು ಜೋಡಿ ಕೀ ಎನ್ನೋಣ. ಫೈಲಿನಲ್ಲಿ ಎರಡರ ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಜೋಡಿ ಆಯಿತು. ಓಡಾಟಕ್ಕೆ ಇದು ಬಲು ಚೆಂದದ ಏರ್ಪಾಡು: ಕಂಟ್ರೋಲ್+ಜಿ ಆದಮೇಲೆ ಡಿ ಒತ್ತಿದರೆ ಡೆಫಿನಿಷನ್, ಆರ್ ಒತ್ತಿದರೆ ರೆಫರೆನ್ಸ್, ಐ ಒತ್ತಿದರೆ ಇಂಪ್ಲಿಮೆಂಟೇಶನ್, ಎಸ್ ಒತ್ತಿದರೆ ಸಿಂಬಲ್. ಫಂಕ್ಷನ್ ಕೀಗಳ ಸಾಲಿಗೆ ಕೈ ಚಾಚಬೇಕಿಲ್ಲ.

ಆದರೆ ಇದನ್ನು ಬರೆದ ಕ್ಷಣದಿಂದ ಸಾಲಿನ ನಂಬರಿಗೆ ಹೋಗುವ ಕಂಟ್ರೋಲ್+ಜಿ ಸತ್ತಿತು. ಕಾರಣ ಮತ್ತೆ ಅದೇ ತಳದಿಂದ ಮೇಲಕ್ಕೆ. ಕಂಟ್ರೋಲ್+ಜಿ ಒತ್ತಿದಾಗ ಮೊದಲು ಎದುರಾಗುವುದು ನಿಮ್ಮ ಜೋಡಿ. ಅದರ ಮೊದಲರ್ಧ ಹೊಂದಿತು. ಎಡಿಟರ್ ಎರಡನೇ ಕೀಗೆ ಕಾಯುತ್ತಾ ಕೂತಿತು. ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಕಾಯುತ್ತಿರುವ ಸಂದೇಶ ಕಾಣುತ್ತದೆ, ಕಣ್ಣು ಕೋಡಿನ ಮೇಲಿದ್ದರೆ ಗಮನಕ್ಕೇ ಬರುವುದಿಲ್ಲ. ಪರಿಹಾರ ಸುಲಭ: ಕಂಟ್ರೋಲ್+ಜಿ ಕಂಟ್ರೋಲ್+ಜಿ ಎಂಬ ಜೋಡಿಗೆ ಗೋ ಟು ಲೈನ್ ಕಟ್ಟಿ. ಒಂದೇ ಕೀ ಎರಡು ಸಲ, ಮರೆಯುವ ಮಾತೇ ಇಲ್ಲ.

ಇದರ ತಿರುಗುಮುರುಗು ತಪ್ಪು ಇನ್ನೂ ದುಬಾರಿ. ಕಂಟ್ರೋಲ್+ಕೆ ಒಂದಕ್ಕೇ ಯಾವುದೋ ಕಮಾಂಡ್ ಕಟ್ಟಿ, ವೆನ್ ಬಿಟ್ಟರೆ, ಕಂಟ್ರೋಲ್+ಕೆಯಿಂದ ಶುರುವಾಗುವ ಡೀಫಾಲ್ಟ್ ಜೋಡಿಗಳೆಲ್ಲ ಒಟ್ಟಿಗೇ ಹೋಗುತ್ತವೆ. ಕೊನೆಯ ಎಡಿಟ್ ಜಾಗಕ್ಕೆ ಒಯ್ಯುವ ಕಂಟ್ರೋಲ್+ಕೆ ಕಂಟ್ರೋಲ್+ಕ್ಯೂ ಹೋಯಿತು, ಇದನ್ನು ಸರಿಮಾಡಲು ಪಟ್ಟಿ ತೆರೆಯುವ ಕಂಟ್ರೋಲ್+ಕೆ ಕಂಟ್ರೋಲ್+ಎಸ್ ಕೂಡ ಹೋಯಿತು! ಆಗ ಎಫ್1 ಒತ್ತಿ, ಕೀಬೋರ್ಡ್ ಶಾರ್ಟ್‌ಕಟ್ಸ್ ಎಂದು ಹುಡುಕಿ ಒಳಗೆ ಹೋಗಿ.

ಮತ್ತೊಂದು ಸಣ್ಣ ಮುಳ್ಳು: ಕಂಟ್ರೋಲ್+ಜಿ ಡಿ ಬೇರೆ, ಕಂಟ್ರೋಲ್+ಜಿ ಕಂಟ್ರೋಲ್+ಡಿ ಬೇರೆ. ಅವಸರದಲ್ಲಿ ಕಂಟ್ರೋಲ್ ಮೇಲಿನ ಬೆರಳು ಎತ್ತುವ ಮೊದಲೇ ಡಿ ಒತ್ತಿದರೆ ಎರಡನೆಯದು ಆಗುತ್ತದೆ, ಇದು ಕಮಾಂಡ್ ಅಲ್ಲ ಎಂಬ ಸಂದೇಶ ಬರುತ್ತದೆ. ಬೆರಳನ್ನು ತಿದ್ದುವ ಬದಲು ಎರಡಕ್ಕೂ ನಿಯಮ ಬರೆದುಬಿಡಿ.

ಹಿಂದಕ್ಕೆ ಬರುವುದು

ಹಿಂದಿನ ಜಾಗಕ್ಕೆ ಒಯ್ಯುವ ಗೋ ಬ್ಯಾಕ್ ಕಮಾಂಡಿಗೆ ವಿಂಡೋಸ್‌ನಲ್ಲಿ ಆಲ್ಟ್+ಎಡ ಬಾಣ, ಲಿನಕ್ಸ್‌ನಲ್ಲಿ ಕಂಟ್ರೋಲ್+ಆಲ್ಟ್+ಮೈನಸ್, ಮ್ಯಾಕ್‌ನಲ್ಲಿ ಕಂಟ್ರೋಲ್+ಮೈನಸ್. ಗೋ ಬ್ಯಾಕ್ ಎಲ್ಲ ಬಗೆಯ ಓಡಾಟವನ್ನೂ ಬೆರೆಸಿ ನೆನಪಿಡುತ್ತದೆ. ನಡುವೆ ಮಾಡಿದ ಎಡಿಟ್‌ಗಳಲ್ಲೂ ನಿಲ್ಲುತ್ತದೆ. ಎಫ್12 ಒತ್ತಿ ಹೋದ ದಾರಿಯಲ್ಲಷ್ಟೇ ಹಿಂದಿರುಗಬೇಕಾದರೆ ಪಟ್ಟಿಯಲ್ಲಿ ನ್ಯಾವಿಗೇಶನ್ ಲೊಕೇಶನ್ಸ್ ಎಂದು ಹುಡುಕಿ, ಹಿಂದಕ್ಕೆ ಹೋಗುವ ಕಮಾಂಡಿಗೆ ಕೀ ಕೊಡಿ. ಎಡಿಟ್ ಜಾಗಗಳಿಗೆ ಮಾತ್ರದ ಕಮಾಂಡ್ ಬೇರೆಯೇ ಇದೆ.

ಡೆಫಿನಿಷನ್ ಮೇಲೆಯೇ ನಿಂತು ಎಫ್12 ಒತ್ತಿದರೆ ರೆಫರೆನ್ಸ್‌ಗಳು ತೆರೆಯುತ್ತವೆ. ಅದು ದೋಷವಲ್ಲ, ಸೆಟ್ಟಿಂಗ್ ಇರುವುದೇ ಹಾಗೆ.

ಹತ್ತು ಸಾಲಿನ ಜಿಗಿತ

ಕರ್ಸರ್‌ಮೂವ್ ಎಂಬ ಕಮಾಂಡಿಗೆ ಆರ್ಗ್ಸ್ (ಕಮಾಂಡಿನ ಜೊತೆ ಕೊಡುವ ವಿವರ) ಕೊಡಬಹುದು: ಟು ಎಂಬಲ್ಲಿ ಡೌನ್, ಬೈ ಎಂಬಲ್ಲಿ ಲೈನ್, ವ್ಯಾಲ್ಯೂ 10. ಆಲ್ಟ್+ಜೆಗೆ ಇದು, ಆಲ್ಟ್+ಕೆಗೆ ಡೌನ್ ಬದಲು ಅಪ್. ಪೇಜ್ ಡೌನ್ ಒತ್ತಿ ಕಳೆದುಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ವ್ಯಾಲ್ಯೂ ಸಂಖ್ಯೆಯಾಗಿರಲಿ, ಉದ್ಧರಣ ಚಿಹ್ನೆಯೊಳಗೆ ಇಡಬೇಡಿ. ಆಲ್ಟ್ ಜೊತೆ ಎಫ್, ಇ, ಜಿಯಂಥ ಅಕ್ಷರ ಆರಿಸಬೇಡಿ, ಅವು ಮೆನು ತೆರೆಯುವ ಕೀಗಳು. ಕಂಟ್ರೋಲ್+ಆಲ್ಟ್+ಅಕ್ಷರವೂ ಬೇಡ, ಕೆಲವು ಕೀಬೋರ್ಡ್ ಲೇಔಟ್‌ಗಳಲ್ಲಿ ಅದು ವಿಶೇಷ ಚಿಹ್ನೆ ಮೂಡಿಸುವ ಆಲ್ಟ್‌ಜಿಆರ್ ಕೀಗೆ ಸಮ, ಚಿಹ್ನೆ ಮೂಡಿಸಲು ಹೋಗಿ ಕಮಾಂಡ್ ಓಡುತ್ತದೆ.

ಏನೂ ಆಗದಿದ್ದರೆ

ಎಫ್1 ಒತ್ತಿದಾಗ ತೆರೆಯುವ ಕಮಾಂಡ್ ಪ್ಯಾಲೆಟ್‌ನಲ್ಲಿ ಡೆವಲಪರ್: ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್ ಓಡಿಸಿ. ಔಟ್‌ಪುಟ್ ಫಲಕದಲ್ಲಿ ಲಾಗ್ ತೆರೆಯುತ್ತದೆ. ಎಡಿಟರಿನ ಮೇಲೆ ಕ್ಲಿಕ್ ಮಾಡಿ ಹಟ ಹಿಡಿದ ಕೀಯನ್ನು ಒಂದೇ ಸಲ ಒತ್ತಿ. ಲಾಗ್‌ನಲ್ಲಿ ಒಂದು ಸಾಲೂ ಬರಲಿಲ್ಲವೇ? ಕೀ ಎಡಿಟರ್ ತನಕ ತಲುಪಿಯೇ ಇಲ್ಲ. ಆಪರೇಟಿಂಗ್ ಸಿಸ್ಟಂ ನುಂಗಿದೆ, ಅಥವಾ ಲ್ಯಾಪ್‌ಟಾಪಿನ ಎಫ್ ಕೀಗಳು ವಾಲ್ಯೂಮ್, ಬ್ರೈಟ್‌ನೆಸ್ ಕೆಲಸಕ್ಕೆ ನಿಂತಿವೆ, ಎಫ್ಎನ್ ಜೊತೆ ಒತ್ತಿ. ಸಾಲು ಬಂದರೂ ಯಾವ ನಿಯಮವೂ ಹೊಂದಲಿಲ್ಲವೇ? ವೆನ್ ಸುಳ್ಳಾಗಿದೆ. ಫೈಲ್ ಆಗಷ್ಟೇ ತೆರೆದಿದ್ದರೆ ಆ ಭಾಷೆಯ ಎಕ್ಸ್‌ಟೆನ್ಶನ್ ಇನ್ನೂ ಎದ್ದಿರುವುದಿಲ್ಲ, ತುಸು ತಡೆದು ಮತ್ತೆ ಒತ್ತಿ. ಬೇರೆ ಕಮಾಂಡ್ ಹೊಂದಿತೇ? ಅದರ ಹೆಸರು, ವೆನ್, ಅದು ನಿಮ್ಮದೋ ಎಕ್ಸ್‌ಟೆನ್ಶನ್‌ನದೋ ಎಂಬುದು ಅದೇ ಸಾಲಿನಲ್ಲಿ ಇರುತ್ತದೆ. ಕೆಲಸ ಮುಗಿದ ಮೇಲೆ ಅದೇ ಕಮಾಂಡ್ ಮತ್ತೊಮ್ಮೆ ಓಡಿಸಿದರೆ ಲಾಗ್ ನಿಲ್ಲುತ್ತದೆ.

ಟರ್ಮಿನಲ್‌ನೊಳಗೆ ಲೆಕ್ಕ ಬೇರೆ. ಅಲ್ಲಿ ಒತ್ತಿದ ಕೀ ಸಾಮಾನ್ಯವಾಗಿ ಶೆಲ್‌ಗೆ (ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಆದೇಶ ನಡೆಸುವ ಪ್ರೋಗ್ರಾಂಗೆ) ಹೋಗುತ್ತದೆ. ನಿಮ್ಮ ಕಮಾಂಡ್ ಅಲ್ಲೂ ಓಡಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಕಮಾಂಡ್ಸ್ ಟು ಸ್ಕಿಪ್ ಶೆಲ್ ಪಟ್ಟಿಗೆ ಅದರ ಐಡಿ ಸೇರಿಸಿ. ಜೋಡಿ ಕೀಗಳು ಮಾತ್ರ ಡೀಫಾಲ್ಟಾಗಿ ಶೆಲ್ ದಾಟಿ ಎಡಿಟರಿಗೇ ಬರುತ್ತವೆ. ಅಂದರೆ ಮೇಲಿನ ಕಂಟ್ರೋಲ್+ಜಿ ಜೋಡಿಗಳಿಗೆ ಎಡಿಟರ್‌ಟೆಕ್ಸ್ಟ್‌ಫೋಕಸ್ ಎಂಬ ವೆನ್ ಹಾಕದಿದ್ದರೆ, ಟರ್ಮಿನಲ್‌ನಲ್ಲಿ ಹಳೆಯ ಆದೇಶಗಳನ್ನು ಹುಡುಕುವ ಕಂಟ್ರೋಲ್+ಆರ್ ಹುಡುಕಾಟ ರದ್ದುಮಾಡಲು ಒತ್ತುವ ಕಂಟ್ರೋಲ್+ಜಿ ಶೆಲ್ ತನಕ ಹೋಗುವುದೇ ಇಲ್ಲ.