ನೆಟ್ ಹೋದರೆ ಮನೆಯ ಲೈಟ್ ಯಾಕೆ ಮಾತು ಕೇಳಲ್ಲ?

ಪ್ರಶ್ನೆ: ಬಲ್ಬು, ಫೋನು, ರೌಟರ್ ಮೂರೂ ಮನೆಯಲ್ಲೇ ಇವೆ. ಆದರೂ ಇಂಟರ್ನೆಟ್ ಹೋದರೆ ಆ್ಯಪ್‌ನಿಂದ ಲೈಟ್ ಹಾಕಲು ಆಗುವುದಿಲ್ಲ. ನಾನೇ ಸಾಫ್ಟ್‌ವೇರ್ ಮಾಡಿಕೊಂಡರೆ ಇದನ್ನು ತಪ್ಪಿಸಬಹುದಾ?

ಖಂಡಿತ ತಪ್ಪಿಸಬಹುದು. ಅನೇಕ ವೈಫೈ ಬಲ್ಬುಗಳಲ್ಲಿ ನೀವು ಒತ್ತಿದ ಬಟನ್ನಿನ ಸುದ್ದಿ ಬಲ್ಬಿಗೆ ನೇರವಾಗಿ ಹೋಗುವುದಿಲ್ಲ. ಮೊದಲು ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಮನೆಗೆ ವಾಪಸ್ ಬರುತ್ತದೆ. ಇದಕ್ಕೆ ಕಾರಣವೂ ಇದೆ. ಹೊರಗಿನಿಂದ ಬರುವ ಕರೆಯನ್ನು ರೌಟರ್ ಸುಮ್ನೆ ಒಳಗೆ ಬಿಡುವುದಿಲ್ಲ. ನೀವು ಊರಿಗೆ ಹೋದಾಗಲೂ ಲೈಟ್ ಹಾಕಬೇಕಲ್ವಾ? ಹಾಗಾಗಿ ಫೋನು, ಬಲ್ಬು ಎರಡೂ ಸರ್ವರ್ ಹತ್ತಿರ ಹೋಗಿ ಮಾತಾಡುತ್ತವೆ.

ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಸರ್ವರ್ ಮನೆಯೊಳಗೇ ಇರಲಿ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಅಥವಾ ಹಳೇ ಲ್ಯಾಪ್‌ಟಾಪ್ ಸಾಕು. 2013ರಲ್ಲಿ ಪೌಲುಸ್ ಸ್ಕೌಟ್ಸೆನ್ ಶುರು ಮಾಡಿದ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್ ಇದೇ ದಾರಿಯದು, ಉಚಿತವಾಗಿ ಸಿಗುತ್ತದೆ. ಹೊಸ ಬಲ್ಬು ಕೊಳ್ಳುವುದಾದರೆ 2022ರಲ್ಲಿ ಬಂದ 'ಮ್ಯಾಟರ್' ಗುರುತು ಇದೆಯಾ ನೋಡಿ, ಅದು ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಉಪಕರಣಗಳಿಗೆ ಒಂದೇ ಸಾಮಾನ್ಯ ಭಾಷೆ. ಅಂಥವು ಮನೆಯ ನೆಟ್‌ವರ್ಕ್‌ನಲ್ಲೇ ಮಾತಾಡುತ್ತವೆ. ಉಪಕರಣಗಳ ನಡುವಿನ ಮಾತಿಗೆ ನಾನು ಎಂಕ್ಯುಟಿಟಿ (MQTT) ಎಂಬ ಸಂದೇಶ ಕಳಿಸುವ ಪದ್ಧತಿ ಬಳಸುತ್ತೇನೆ. 1999ರಲ್ಲಿ ತೈಲದ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ಗಮನಿಸಲು ಮಾಡಿದ್ದು. ಬಂದ ಸಂದೇಶವನ್ನು ಕೇಳಿದವರಿಗೆ ತಲುಪಿಸಲು ನಡುವೆ 'ಬ್ರೋಕರ್' ಎಂಬ ಒಂದು ಪ್ರೋಗ್ರಾಂ ಇರುತ್ತದೆ, ಅಷ್ಟೇ.

ನಿಜವಾದ ಕಷ್ಟ ಇರುವುದು ಕರೆಂಟ್ ಹೋಗಿ ಬರುವ ಆ ಗಳಿಗೆಯಲ್ಲಿ. ನಮ್ಮ ಮನೆಯ ಸಂಪ್ ಮೋಟರ್ ಕಥೆ ಹೇಳುತ್ತೇನೆ. ಮೋಟರ್‌ಗೆ ಕಳಿಸುವ 'ಆನ್' ಆದೇಶವನ್ನು ಬ್ರೋಕರ್ ನೆನಪಿಟ್ಟುಕೊಳ್ಳುವ ಹಾಗೆ ಬರೆದಿದ್ದೆ. ಎಂಕ್ಯುಟಿಟಿಯಲ್ಲಿ ಇದಕ್ಕೆ 'ರಿಟೇನ್' ಅಂತಾರೆ. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಮೋಟರ್ ಹತ್ತಿರದ ಚಿಪ್ ಎದ್ದು ಬ್ರೋಕರ್‌ಗೆ ಸೇರಿಕೊಂಡಿತು. ಸಂಜೆಯ ಹಳೇ 'ಆನ್' ಕೈಗೆ ಬಂತು. ಎಲ್ಲರೂ ಮಲಗಿದ್ದಾಗ ಮೋಟರ್ ಓಡಲು ಶುರು. ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆ ಇಳಿಯುವ ಸದ್ದಿಗೆ ಅಮ್ಮ ಎದ್ದರು.

ಈಗ 'ಮೋಟರ್ ಓಡುತ್ತಿದೆ', 'ನಿಂತಿದೆ' ಎಂಬ ಸ್ಥಿತಿಯನ್ನು ಮಾತ್ರ ರಿಟೇನ್ ಮಾಡುತ್ತೇನೆ, ಆದೇಶವನ್ನು ಎಂದೂ ಇಲ್ಲ. ಕರೆಂಟ್ ಬಂದಾಗ ಮೋಟರ್ ಆಫ್ ಆಗಿಯೇ ಏಳುತ್ತದೆ. ನಮ್ಮ ಟ್ಯಾಂಕ್ ತುಂಬಲು 20 ನಿಮಿಷ ಬೇಕು, ಹಾಗಾಗಿ 25 ನಿಮಿಷಕ್ಕೆ ತಾನೇ ನಿಲ್ಲುವ ಲೆಕ್ಕವನ್ನು ಚಿಪ್ಪಿನೊಳಗೇ ಬರೆದಿದ್ದೇನೆ. ವೈಫೈ ಸತ್ತರೂ ಅದು ಕೆಲಸ ಮಾಡುತ್ತದೆ. ಚಿಪ್ಪಿನ ಮಾತು ಕೇಳಿ ಕರೆಂಟ್ ಹಾಕಿ ಆರಿಸುವ ಚಿಕ್ಕ ಸ್ವಿಚ್, ಅಂದರೆ ರಿಲೇಗೆ, ಮೋಟರನ್ನು ನೇರ ಕೊಡಬೇಡಿ. ನಡುವೆ ಹೆಚ್ಚು ಕರೆಂಟ್ ತಡೆಯುವ ದೊಡ್ಡ ರಿಲೇ, ಅಂದರೆ ಕಾಂಟ್ಯಾಕ್ಟರ್ ಬೇಕು, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

'ಇದ್ದರೆ ಆರಿಸು, ಆರಿದ್ದರೆ ಹಾಕು' ಎಂಬ ಟಾಗಲ್ ಆದೇಶವನ್ನೂ ಬಿಟ್ಟುಬಿಡಿ. ನೆಟ್‌ವರ್ಕ್ ಕೆಟ್ಟಾಗ ಒಂದೇ ಸಂದೇಶ ಎರಡು ಸಲ ಬರಬಹುದು. ಎರಡು ಸಲ 'ಆನ್' ಬಂದರೆ ತೊಂದರೆ ಇಲ್ಲ, ಎರಡು ಟಾಗಲ್ ಬಂದರೆ ಹಾಕಿದ ಲೈಟ್ ಆರಿಹೋಗುತ್ತದೆ.

ಪರದೆ ಮೇಲೂ ಸುಳ್ಳು ಇರಬಾರದು. ಉಪಕರಣ ಸಂಪರ್ಕ ಕಳೆದುಕೊಂಡರೆ 'ಆಫ್' ಅಂತ ತೋರಿಸದೆ 'ಸಂಪರ್ಕ ಇಲ್ಲ' ಅಂತಲೇ ತೋರಿಸಿ. ಅದಕ್ಕಾಗಿ ಎಂಕ್ಯುಟಿಟಿಯಲ್ಲಿ 'ಲಾಸ್ಟ್ ವಿಲ್' ಇದೆ. ಉಪಕರಣ ಹೇಳದೆ ಕೇಳದೆ ಮಾಯವಾದರೆ, ಅದು ಮೊದಲೇ ಕೊಟ್ಟಿಟ್ಟ ಸಂದೇಶವನ್ನು ಬ್ರೋಕರ್ ಕೇಳಿದವರಿಗೆಲ್ಲ ಮುಟ್ಟಿಸುತ್ತದೆ.

ಇನ್ನು ಗೋಡೆಯ ಸ್ವಿಚ್. ಮನೆಗೆ ಬಂದ ನೆಂಟರಿಗೆ ಆ್ಯಪ್ ಗೊತ್ತಿರಲ್ಲ, ಅಮ್ಮನಿಗೆ ಬೇಕಾಗಿಯೂ ಇಲ್ಲ. ಅವರು ಸ್ವಿಚ್ ಆರಿಸಿದರೆ ಸ್ಮಾರ್ಟ್ ಬಲ್ಬಿಗೆ ಕರೆಂಟೇ ಇರುವುದಿಲ್ಲ. ಅದಕ್ಕೇ ನಾನು ಸಾದಾ ಬಲ್ಬನ್ನೇ ಉಳಿಸಿಕೊಂಡು, ಸ್ವಿಚ್ ಬೋರ್ಡಿನ ಹಿಂದೆ ರಿಲೇ ಹಾಕಿಸಿದೆ. ಸ್ವಿಚ್ ಒತ್ತಿದರೂ ಲೈಟ್ ಬರುತ್ತದೆ, ಫೋನಿನಿಂದಲೂ ಬರುತ್ತದೆ. ರಾಸ್ಪ್‌ಬೆರಿ ಪೈ ಕೆಟ್ಟು ಎರಡು ದಿನ ರಿಪೇರಿಯಲ್ಲಿದ್ದಾಗ ಅಮ್ಮನಿಗೆ ಅದು ಗೊತ್ತೇ ಆಗಲಿಲ್ಲ.